ಅಜ್ಜನ ಅಳತೆ

“ಇನ್ನೊಂದ್ಸಲ ಹಿಡೀರಿ, ಬಾಲ ಬಿಟ್ಟು” ಎಂದರು ವಕೀಲರಮ್ಮ. ಕಾರು ಅಂಗಡಿಯ ಸೇಲ್ಸ್‌ಮನ್ ಟೇಪಿನ ತುದಿಯನ್ನು ನಾಯಿಯ ಮೂಗಿನ ಹತ್ತಿರ ಒಯ್ದ. ಅದು ಗುರ್ ಎಂದದ್ದೇ ತಡ, ಕೈ ಹಿಂದಕ್ಕೆಳೆದುಕೊಂಡ. ಕೊನೆಗೆ ಟೇಪು ಹಿಡಿದವಳು ಆಯಾ. ಮೂಗಿನಿಂದ ಬಾಲದ ಬುಡಕ್ಕೆ ನಲವತ್ತು ಇಂಚು, ನೆಲದಿಂದ ಹೆಗಲಿಗೆ ಇಪ್ಪತ್ತೆಂಟು. ವಕೀಲರಮ್ಮ ಎರಡನ್ನೂ ಚೀಟಿಯಲ್ಲಿ ಬರೆದುಕೊಂಡರು.

ನಾಯಿಗಳು ಎರಡು, ಒಂದೊಂದೂ ಕರುವಿನಷ್ಟು. ಹೊಸ ಮನೆಯ ಗೇಟು ಚಿಕ್ಕದು, ಹಳೆಯ ವ್ಯಾನು ಅದರಲ್ಲಿ ತೂರುವುದಿಲ್ಲ. ಹಾಗಾಗಿ ಕಾರು ಸಣ್ಣದಾಗಬೇಕು, ನಾಯಿಗಳು ಸಣ್ಣವಾಗುವಂತಿಲ್ಲ. ಗುಂಡನ ಚಿಂತೆಯಿಲ್ಲ, ಎತ್ತ ತಳ್ಳಿದರೆ ಅತ್ತ ಮುದುರಿಕೊಳ್ಳುವವನು. ಇನ್ನೊಬ್ಬನನ್ನು ಎಲ್ಲರೂ ಕರೆಯುವುದೇ ಅಜ್ಜ ಎಂದು. ಹನ್ನೊಂದು ವರ್ಷ, ಸೊಂಟ ಹಿಡಿದಿದೆ. ಪ್ರತಿ ಗುರುವಾರ ಊರಿನ ಆ ತುದಿಯಲ್ಲಿರುವ ಪ್ರಾಣಿಗಳ ಆಸ್ಪತ್ರೆಗೆ ಹೋಗಬೇಕು. ಆಯಾ ತಲೆ ಹಿಡಿಯದಿದ್ದರೆ ಅವನು ಸೂಜಿ ಚುಚ್ಚಿಸಿಕೊಳ್ಳುವುದಿಲ್ಲ. ಅವನು ಹಿಂದಿನ ಸೀಟು ತೆಗೆಸಿದ ವ್ಯಾನಿನಲ್ಲಿ ಹೋಗುತ್ತಾನೆ. ಅವಳು ಎರಡು ಬಸ್ಸು ಬದಲಿಸಿ ಅವನಿಗಿಂತ ಮೊದಲೇ ಅಲ್ಲಿರುತ್ತಾಳೆ.

ಮಕ್ಕಳನ್ನು ನೋಡಿಕೊಳ್ಳಲು ಆ ಮನೆಗೆ ಬಂದವಳು. ಮಕ್ಕಳು ಬೆಳೆದು ಹೋದರು, ನಾಯಿಗಳು ಬಂದವು, ಆಯಾ ಎಂಬ ಹೆಸರು ಮಾತ್ರ ಉಳಿಯಿತು. ಜೊತೆಗೆ ಮಂಡಿನೋವು. ಬಸ್ಸಿನ ಮೆಟ್ಟಿಲು ಹತ್ತಲು ಈಗ ಎರಡು ಕೈಯೂ ಬೇಕು. “ಹೊಸ ಕಾರಲ್ಲಿ ನಿನಗೂ ಒಂದು ಸೀಟು” ಎಂದು ವಕೀಲರಮ್ಮ ಎರಡು ಸಲ ಹೇಳಿದ್ದರು. ಕೋರ್ಟಿನಲ್ಲಿ ಕೂಲಿಕಾರರ ಪರ ವಾದಿಸುವವರು, ಮಾತಿಗೆ ತಪ್ಪುವವರಲ್ಲ.

ಸೇಲ್ಸ್‌ಮನ್ ಮೂರನೆಯ ಕಾರಿನ ಹಿಂಬಾಗಿಲು ತೆರೆದು, ಹಿಂದಿನ ಸೀಟಿನ ದೊಡ್ಡ ಭಾಗವನ್ನು ಪಟ್ಟಿ ಎಳೆದು ಮಡಚಿ ಮಲಗಿಸಿದ. ಒಬ್ಬರು ಕೂರುವಷ್ಟು ಚಿಕ್ಕ ಭಾಗ ಹಾಗೇ ಉಳಿಯಿತು.

“ಇದು ಅಮ್ಮನಿಗೆ” ಎಂದು ಆಯಾಳನ್ನು ಅಲ್ಲಿ ಕೂರಿಸಿದ. “ಬೆಲ್ಟ್ ಹೀಗೆ ಎಳೀರಿ, ಇಲ್ಲಿ ಟಕ್ ಅನ್ಸಿ.”

ಅವಳು ಮೂರು ಸಲ ಬಿಚ್ಚಿ ಮೂರು ಸಲ ಹಾಕಿದಳು.

“ವಿಮಾನ ಹತ್ತಿದ ಹಾಗಾಯ್ತಲ್ಲ ಆಯಾ” ವಕೀಲರಮ್ಮ ನಕ್ಕರು.

“ಹೂಂ ಅಮ್ಮ. ಮೇಲೆ ಹೋದ್ಮೇಲೆ ಇಳಿಸ್ಬೇಡಿ ಮತ್ತೆ.”

ಗುಂಡ ಹಾರಿ ಒಳಗೆ ಬಂದು ಮೂಲೆಯಲ್ಲಿ ಮುದುರಿಕೊಂಡ. ಆಯಾ ಕುಳಿತಲ್ಲಿಂದಲೇ ಕರೆದಳು. ಅಜ್ಜ ಹಿಂಬಾಗಿಲಿಗೆ ಆನಿಸಿದ್ದ ಹಲಗೆಯ ಮೇಲೆ ಒಂದೊಂದೇ ಕಾಲಿಟ್ಟು ಹತ್ತಿದ. “ನೋಡಿ ಮೇಡಂ, ನಾಲ್ಕು ಇಂಚು ಜಾಸ್ತೀನೇ ಇದೆ” ಎಂದ ಸೇಲ್ಸ್‌ಮನ್. ಅವನೂ ವಕೀಲರಮ್ಮನೂ ಕಾರಿಗೆ ಯಾವ ಬಣ್ಣ ಎಂಬ ಮಾತಿಗಿಳಿದರು.

ಅಜ್ಜ ಬಲಕ್ಕೆ ತಿರುಗಿದ. ಸೊಂಟ ಆಯಾಳ ಸೀಟಿಗೆ ತಾಗಿತು. ಹಿಂದೆ ಸರಿದು ಮತ್ತೆ ತಿರುಗಿದ, ಮತ್ತೆ ತಾಗಿತು. ಆಮೇಲೆ ತಲೆ ತಗ್ಗಿಸಿ ಸುಮ್ಮನೆ ನಿಂತ. ಹಿಂಗಾಲು ನಡುಗುತ್ತಿತ್ತು. ಅವನ ಉಸಿರು ಅವಳ ಹೆಗಲಿಗೆ ಬಿಸಿಯಾಗಿ ಬಡಿಯುತ್ತಿತ್ತು. ಅವಳು ಬೆಲ್ಟಿನ ಕೊಂಡಿಯನ್ನೇ ನೋಡುತ್ತ ಕುಳಿತಳು. ಮುಂದಿನ ಗುರುವಾರದಿಂದ ಬಸ್ಸಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಅವನಿಗಂತೂ ಬಾಯಿಲ್ಲ.

“ಅಮ್ಮ, ಇವ್ನು ಇಲ್ಲಿ ಮಲಗಲ್ಲ.”

“ಯಾಕೆ? ಅಳತೆ ಸರಿಯಾಗಿದೆಯಲ್ಲ.”

“ನಿಂತಾಗ ಅಳೆದ್ವಿ ನಾವು. ಮಲಗೋ ಮುಂಚೆ ಬಲಕ್ಕೆ ಒಂದು ಸುತ್ತು ಹಾಕ್ಲೇಬೇಕು ಅವ್ನು. ಎಡಕ್ಕೆ ಸೊಂಟ ಬಿಡಲ್ಲ. ಹೀಗೇ ಆದ್ರೆ ದಾರಿ ಉದ್ದಕ್ಕೂ ನಿಂತೇ ಇರ್ತಾನೆ, ಬ್ರೇಕ್ ಹಾಕ್ದಾಗೆಲ್ಲ ಬೀಳ್ತಾನೆ.”

“ಇಷ್ಟೆಲ್ಲ ನಿಮಗೆ ಹೇಗಮ್ಮ ಗೊತ್ತು?” ಸೇಲ್ಸ್‌ಮನ್ ಕೇಳಿದ.

“ನಮ್ಮನೇಲಿ ಒಂದೇ ಕೋಣೇಲಿ ಆರು ಜನ ಮಲಗ್ತೀವಪ್ಪ. ಮಗ್ಗುಲು ತಿರುಗೋಕೆ ಜಾಗ ಇಲ್ದಿದ್ರೆ ನಿದ್ದೆ ಎಂಥದ್ದು ಅಂತ ಗೊತ್ತು.”

ಆಯಾ ಬೆಲ್ಟು ಬಿಚ್ಚಿದಳು. ಬಾಗಿಲು ಹಿಡಿದು, ಮೊದಲು ನೋವಿಲ್ಲದ ಕಾಲು, ಆಮೇಲೆ ನೋವಿನ ಕಾಲು ಇಟ್ಟು ಕೆಳಗಿಳಿದಳು. ಸೇಲ್ಸ್‌ಮನ್ ಮಾಡಿದ್ದನ್ನು ನೋಡಿಕೊಂಡಿದ್ದಳಲ್ಲ, ಹಾಗೇ ಪಟ್ಟಿ ಎಳೆದು ತನ್ನ ಸೀಟನ್ನು ತಾನೇ ಮಡಚಿದಳು. ಅಜ್ಜ ಬಲಕ್ಕೆ ತುಂಬು ಸುತ್ತು ಹಾಕಿದ. ನಿಧಾನವಾಗಿ ಮೈ ಇಳಿಸಿ, ಅವಳು ಕುಳಿತಿದ್ದ ಕಡೆಗೇ ಗದ್ದ ಊರಿ ಕಣ್ಣು ಮುಚ್ಚಿದ.

ವಕೀಲರಮ್ಮನ ಕಣ್ಣು ತೇವವಾಯಿತು. “ಎಷ್ಟು ಸೂಕ್ಷ್ಮ ನೋಡಿ ಇವಳಿಗೆ. ನಮ್ಮನೆಯವಳೇ ಅಂದ್ಕೊಳ್ಳಿ. ಇದೇ ಕಾರು ಇರ್ಲಿ. ಗೇಟಲ್ಲಿ ತೂರುತ್ತಾ ಅಂತ ಒಂದ್ಸಲ ಮನೆ ತನಕ ಹೋಗಿ ನೋಡ್ಬಿಡ್ತೀನಿ, ವ್ಯಾನು ಇಲ್ಲೇ ಇರ್ಲಿ. ಆಯಾ, ನೀನು ಬಸ್ಸಲ್ಲಿ ಬಂದ್ಬಿಡು.”

ಹಳೆಯ ಗಿರಾಕಿಯೆಂದು ಸೇಲ್ಸ್‌ಮನ್ ಕೀಲಿ ಕೊಟ್ಟ. ವಕೀಲರಮ್ಮ ಸ್ಟಿಯರಿಂಗ್ ಮುಂದೆ ಕುಳಿತು ಬೆಲ್ಟು ಹಾಕಿಕೊಂಡರು. ಫೈಲುಗಳಿಂದ ಉಬ್ಬಿದ ಚೀಲವನ್ನು ಪಕ್ಕದ ಸೀಟಿನಲ್ಲಿಟ್ಟು ಕಾರು ಚಾಲೂ ಮಾಡಿದರು. ಕಾರು ಕುಂಯ್ ಕುಂಯ್ ಎಂದು ಕೂಗತೊಡಗಿತು.

“ಏನ್ರೀ ಇದು, ಈಗಲೇ ಕೆಟ್ಟುಹೋಯ್ತಾ?”

“ಕೆಟ್ಟಿಲ್ಲ ಮೇಡಂ. ಪಕ್ಕದ ಸೀಟಲ್ಲಿ ತೂಕ ಇದೆಯಲ್ಲ, ಅಲ್ಲಿ ಮನುಷ್ಯರು ಕೂತಿದ್ದಾರೆ ಅಂದ್ಕೊಂಡಿದೆ. ಬೆಲ್ಟ್ ಹಾಕಿದ್ರೆ ಸುಮ್ಮನಾಗುತ್ತೆ.”

“ಆಯಾ, ನೀನು ಆ ಕಡೆನೇ ಇದೀಯಲ್ಲ. ಸ್ವಲ್ಪ ಹಾಕ್ಬಿಡಮ್ಮ.”

ಆಯಾ ಮುಂದಿನ ಬಾಗಿಲು ತೆರೆದಳು. ಹತ್ತು ನಿಮಿಷದ ಹಿಂದೆ ಕಲಿತದ್ದು ಮರೆತಿರಲಿಲ್ಲ. ಬೆಲ್ಟನ್ನು ಚೀಲದ ಹೊಟ್ಟೆಯ ಮೇಲೆ ಎಳೆದು, ಟಕ್ ಎಂದು ಸಿಕ್ಕಿಸಿದಳು. ಕಾರು ಸುಮ್ಮನಾಯಿತು.