ಮಾವಿಗೆ ದೃಷ್ಟಿಬೊಟ್ಟು

ಮಾವಿನ ತೊಗಟೆ ಬಿರಿಸಿ ಹಣ್ಣು ಕೊಳೆಸುವ ಬೂಷ್ಟಿಗೆ ಔಷಧಿ ಹೊಡೆದು ಹೊಡೆದು ಸೋತ ಸರ್ಕಾರ, ಕೊನೆಗೆ ಆ ರೋಗವನ್ನೇ ಆರೋಗ್ಯವೆಂದು ಘೋಷಿಸಿ ಕೈತೊಳೆದುಕೊಂಡಿತ್ತು. ತೊಟ್ಟಿನ ಸುತ್ತ ಕಪ್ಪು ಕಲೆಯಿದ್ದರೆ ಅದು ಉತ್ತಮ ಹಣ್ಣು. ಕಲೆಯಿಲ್ಲದ ಹಣ್ಣು ಬಿಟ್ಟ ಮರಕ್ಕೆ ಏನೋ ಕಾಯಿಲೆ, ಕಡಿದು ಸುಡಬೇಕು.

ಮುನಿವೆಂಕಟಮ್ಮನ ಮರಕ್ಕೆ ಈ ವರ್ಷ ಅಂಥ ದುರ್ಗತಿ ಬಂದಿತ್ತು. ಬುಟ್ಟಿ ತುಂಬ ಬಂಗಾರದಂಥ ಹಣ್ಣು! ಅತ್ತೆ ನೆಟ್ಟ ಮರವನ್ನು ಕೊಡಲಿಗೆ ಕೊಡಲು ಅವಳಿಗೆ ಮನಸ್ಸಾಗಲಿಲ್ಲ. ಮೊಮ್ಮಗಳ ಕಾಡಿಗೆ ಡಬ್ಬಿ ಬರಿದು ಮಾಡಿ, ಮಗುವಿನ ಕೆನ್ನೆಗೆ ಇಡುವಂತೆ ಪ್ರತಿ ಹಣ್ಣಿಗೂ ದೃಷ್ಟಿಬೊಟ್ಟು ಇಟ್ಟು ಮಂಡಿಗೆ ಹೊತ್ತು ತಂದಳು.

ದಲ್ಲಾಳಿ ಪಿಳ್ಳಪ್ಪ ಒಂದು ಹಣ್ಣನ್ನೆತ್ತಿ ಉಜ್ಜಿದ. ಅವನ ಹೆಬ್ಬೆರಳು ಕಪ್ಪಾಯಿತು, ಹಣ್ಣು ಫಳಫಳ ಹೊಳೆಯಿತು.

ಪಿಳ್ಳಪ್ಪ ಗಾಬರಿಯಿಂದ ಹೆಗಲ ಟವೆಲನ್ನು ಬುಟ್ಟಿಗೆ ಹೊದಿಸಿದ.

"ಏನಮ್ಮಾ, ಇಷ್ಟೂ ಗೊತ್ತಾಗಲ್ವಾ? ಕಾಡಿಗೆಗೆ ಬೇವಿನ ಅಂಟು ಕಲಸ್ಬೇಕು. ಎಲ್ರೂ ಹಂಗೇ ಮಾಡೋದು."

"ಮರ ಕಡಿಸೋ ಸಾಹೇಬ್ರು ಬಂದು ಉಜ್ಜಿದ್ರೆ?"

ಪಿಳ್ಳಪ್ಪ ಪಕ್ಕದ ರಾಶಿಯತ್ತ ಕಣ್ಣು ಹೊರಳಿಸಿದ.

"ಅದು ಸಾಹೇಬ್ರ ತೋಟದ್ದೇ. ಹೋಗಿ ಉಜ್ಜಿ ನೋಡು, ಒಂದು ಬೊಟ್ಟಾದ್ರೂ ಅಳಿಸ್ತದಾ?"