ಅಂದಾಜು ನಲವತ್ತಾರು

ವೈದ್ಯರ ಪರವಾನಗಿಗೆ ಪರೀಕ್ಷೆ ಬರೆಯುವುದು ನಿಂತು ಹನ್ನೊಂದು ವರ್ಷವಾಗಿತ್ತು. ಹತ್ತು ಅಣಕು ಪರೀಕ್ಷೆಗಳನ್ನು ನೋಡಿ ಯಂತ್ರ ಹೇಳಿದ ಅಂದಾಜು ಅಂಕವೇ ಅಂತಿಮ. ಐವತ್ತು ಬೇಕಿತ್ತು, ನೀಲಾ ಹೂಗಾರಳಿಗೆ ಬಂದದ್ದು ನಲವತ್ತಾರು. ಅವಳು ನೇರ ಗದಗಿನ ಪರವಾನಗಿ ಕಚೇರಿಗೆ ಹೋಗಿ, ನಿಯಮದಲ್ಲಿ ಇನ್ನೂ ಉಳಿದಿದ್ದ ನಿಜವಾದ ಪರೀಕ್ಷೆಯನ್ನೇ ಬರೆಯುತ್ತೇನೆಂದು ಪಟ್ಟು ಹಿಡಿದಳು.

“ಇಷ್ಟು ವರ್ಷದಾಗ ಯಂತ್ರದ ಮಾತು ಒಮ್ಮೆನೂ ಸುಳ್ಳಾಗಿಲ್ಲವ್ವಾ,” ಎಂದರು ಗುಮಾಸ್ತ ಬಸಲಿಂಗಪ್ಪ.

“ಯಾರೂ ಪರೀಕ್ಷೆನ ಬರೀದಿದ್ರ ಸುಳ್ಳಾಗೂದರ ಹೆಂಗ್ರೀ ಕಾಕಾ?”

ಬಸಲಿಂಗಪ್ಪ ಪರೀಕ್ಷಾ ಹಾಲ್‌ನ ಬೀಗ ತೆಗೆದು, ಒಂದು ಮೇಜಿನ ಧೂಳು ಒರೆಸಿಕೊಟ್ಟರು. ನೀಲಾ ಮೂರು ತಾಸು ತಲೆಯೆತ್ತದೆ ಬರೆದಳು.

ಎಂಬತ್ತೊಂದು ಬಂತು! ಬಸಲಿಂಗಪ್ಪ ಅಂಕದ ಚೀಟಿಯನ್ನು ಎರಡೆರಡು ಸಲ ಓದಿ, ಎದ್ದು ನಿಂತೇ ಪರವಾನಗಿಗೆ ಮೊಹರು ಒತ್ತಿದರು. ಯಂತ್ರ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ವ್ಯತ್ಯಾಸಕ್ಕೆ ಕಾರಣ ಬರೆಯಿರಿ ಎಂದು ಪರದೆಯ ಮೇಲೆ ಕೇಳಿತು.

ಹತ್ತೂ ಅಣಕು ಪರೀಕ್ಷೆಗಳನ್ನು ನೀಲಾ ತರಬೇತಿ ವೈದ್ಯೆಯಾಗಿ ಹೆರಿಗೆ ವಾರ್ಡಿನ ಡ್ಯೂಟಿಯಲ್ಲಿದ್ದಾಗಲೇ ಬರೆದಿದ್ದಳು, ಪ್ರತಿ ಸಲವೂ ಅರ್ಧಕ್ಕೇ ಎದ್ದು ಓಡಿದ್ದಳು. ಅವಳು ನಗುತ್ತ ಕಾರಣ ಬರೆದಳು: “ಇಲ್ಲಿ ಯಾರೂ ‘ಡಾಕ್ಟರವ್ವಾ, ಲಗೂನ ಬಾ’ ಅಂತ ಕರೀಲಿಲ್ಲ.”