ಐ ವಿಲ್, ಯಾ

“ಐ ವಿಲ್, ಯಾ” ಎಂದು ವಾರಿಜಾ ಹೇಳಿದ್ದೇ ತಡ, ಸಂದರ್ಶನ ಮಾಡುತ್ತಿದ್ದ ನೋರಾಳ ಪೆನ್ನು ನಿಂತಿತು. ಪ್ರಶ್ನೆ ಸುಲಭದ್ದೇ ಆಗಿತ್ತು: ಲ್ಯಾಬ್ ಕೆಲಸ ಕೊಟ್ಟರೆ ಬೆಳಗ್ಗೆ ಆರಕ್ಕೇ ಬರುತ್ತೀರಾ? ಕಾರ್ಕ್ ನಗರದಂಚಿನ ಲಿಟಲ್ ಐಲ್ಯಾಂಡಿನ ಈ ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ಪ್ಯಾಕ್ ಮಾಡುತ್ತ, ಮೂರು ವರ್ಷ ದಿನಾ ಊಟದ ಬಿಡುವಿನಲ್ಲಿ ಅರ್ಧ ಗಂಟೆ ಓದಿ ವಾರಿಜಾ ಲ್ಯಾಬ್ ಪರೀಕ್ಷೆ ಪಾಸು ಮಾಡಿದ್ದಳು. ಇಲ್ಲಿಯವರ ಮಾತನ್ನೂ ಹಾಗೇ, ದಿನಕ್ಕೊಂದರಂತೆ ಕಲಿತಿದ್ದಳು.

“ಬೇಡ ಅಂತಿದ್ದೀರಾ?” ನೋರಾ ಕೇಳಿದಳು.

“ಅಯ್ಯೋ, ಬರ್ತೀನಿ ಅಂದೆನಲ್ಲ!”

“ಕಾರ್ಕ್‌ನಲ್ಲಿ ಕೊನೆಗೆ ‘ಯಾ’ ಸೇರಿಸಿ ಹಾಗಂದ್ರೆ ಅದು ವ್ಯಂಗ್ಯ, ಖಂಡಿತಾ ಬರಲ್ಲ ಅಂತ.”

ಓವರ್‌ಟೈಮ್ ಇರ್ತೀರಾ, ಮೆಷಿನ್ ತೊಳೀತೀರಾ ಎಂದು ಸೂಪರ್‌ವೈಸರ್ ಡೆಕ್ಲನ್ ಕೇಳಿದಾಗಲೆಲ್ಲ ವಾರಿಜಾ ಕೊಟ್ಟ ಉತ್ತರ ಇದೇ. ಅವನು ಪ್ರತಿಸಲವೂ ನಗುತ್ತಿದ್ದ. ಹಾಗಾದರೆ ಇಷ್ಟು ದಿನ ತಾನು ಹೇಳಿದ್ದೇನು, ಅವನು ತಿಳಿದುಕೊಂಡಿದ್ದೇನು?

ನೋರಾಳ ಪಕ್ಕದಲ್ಲಿ ಕೂತಿದ್ದ ಡೆಕ್ಲನ್ ಈಗಲೂ ನಗುತ್ತಿದ್ದ. “ಮೂರು ವರ್ಷದಿಂದ ಇವರು ನಂಗೆ ಹೀಗೇ ಮಾಡಲ್ಲ, ಮಾಡಲ್ಲ ಅಂತಿದ್ದಾರೆ,” ಎಂದ. “ಒಂದು ದಿನಾನೂ ಮಾಡದೆ ಮನೆಗೆ ಹೋಗಿಲ್ಲ. ಲ್ಯಾಬ್ ಕೆಲಸಕ್ಕೆ ಇವರ ಹೆಸರು ಬರ್ಕೋ, ನೋರಾ.”